ಫೋನಿನ ಕುರಿ ಯಾರ ಪಾಲು

ಆ ಕುರಿಯನ್ನು ನೋಡಿ ಯಾರಾದರೂ 'ಅಯ್ಯ, ಎಷ್ಟು ಮುದ್ದಾಗೈತಿ' ಅಂದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಮೊದಲನೇ ಮಾತು, ಅದು ಕುರಿಯೇ ಅಲ್ಲ. ಜೀವಮಾನದಲ್ಲಿ ಒಂದು ಕುರಿಯ ಪಕ್ಕ ನಿಂತು ಉಸಿರೆಳೆಯದ ಯಾರೋ ತಣ್ಣನೆ ಕೋಣೆಯಲ್ಲಿ ಕೂತು ಬರೆದ ಚಿತ್ರ. ಹಿಂಜಿದ ಅರಳೆಯಂಥ ಬಿಳಿ ಉಣ್ಣೆ, ಅದರಲ್ಲಿ ಒಂದು ಮುಳ್ಳಿಲ್ಲ, ಒಂದು ಉಣ್ಣೆಹುಳ ಇಲ್ಲ, ಬಾಲದ ಕೆಳಗೆ ಒಣಗಿ ಅಂಟಿದ ಹಿಕ್ಕೆ ಇಲ್ಲ. ಗೊರಸು ಹುಣ್ಣಾಗುವುದಿಲ್ಲ, ಮಳೆಯಲ್ಲಿ ನೆನೆದರೆ ನಾರುವುದಿಲ್ಲ. ಸಾಲದ್ದಕ್ಕೆ ಸದಾ ನಗುತ್ತಿರುತ್ತದೆ. ನಗುವ ಕುರಿಯನ್ನು ಕೂಡ್ಲಿಗಿ ಸೀಮೆಯಲ್ಲಿ ಯಾರಾದರೂ ಕಂಡಿದ್ದರೆ ಬಂದು ಹೇಳಲಿ, ನಾನು ವಾದ ಮಾಡುವುದನ್ನೇ ಬಿಟ್ಟುಬಿಡುತ್ತೇನೆ.

ಹಾಗಾದರೆ ಅದೇ ಕುರಿಗಾಗಿ ದೊಡ್ಡಪ್ಪನ ಮಗನ ಜೊತೆ ಜಗಳಕ್ಕೆ ಇಳಿದದ್ದು ಯಾಕೆ ಅಂತ ನೀವು ಕೇಳಬಹುದು. ಕೇಳಿ. ನ್ಯಾಯವಾದ ಪ್ರಶ್ನೆ.

ಅದೊಂದು ಫೋನಿನ ಆಟ. ಹೆಸರು ಹೇಳುವುದಿಲ್ಲ, ಪುಕ್ಕಟೆ ಪ್ರಚಾರ ಮಾಡುವ ಮನಸ್ಸು ನನಗಿಲ್ಲ. ಫೋನ್ ಹಿಡಿದು ಹೊರಗೆ ನಡೆಯಬೇಕು, ನಡೆದಲ್ಲಿ ಪರದೆಯ ಮೇಲೆ ವಿಚಿತ್ರ ಪ್ರಾಣಿಗಳು ಎದ್ದು ಬರುತ್ತವೆ, ಹಿಡಿದು ಕೂಡಿಹಾಕಬೇಕು. ಹಿಡಿದದ್ದರಲ್ಲಿ ಒಂದನ್ನು ಜೊತೆಗಾರ ಮಾಡಿಕೊಂಡರೆ, ನೀವು ನಡೆದಷ್ಟೂ ಅದು ಬೆಳೆಯುತ್ತದೆ. ಬೆಳೆದ ಮೇಲೆ ಬೇರೆಯವರ ಪ್ರಾಣಿಗಳ ಮೇಲೆ ಕಾಳಗಕ್ಕೆ ಬಿಡಬಹುದು. ನಮ್ಮೂರು ಹೊಸಹಳ್ಳಿಯ ಆಚೆ. ನಮ್ಮ ಕಡೆ ಏನೂ ಎದ್ದು ಬರುವುದಿಲ್ಲ. ಆಟ ಮಾಡಿದವರ ನಕಾಶೆಯಲ್ಲಿ ನಮ್ಮ ಹೊಲ, ಹಳ್ಳ, ಗುಡ್ಡ ಎಲ್ಲ ಸೇರಿ ಬರೀ ಒಂದು ಹಸಿರು ಬಯಲು. ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆಯಲ್ಲಿ ಕೋಗಳಿಗೆ ಮದುವೆಗೆ ಹೋಗಿದ್ದಾಗ, ಊಟದ ಪಂಕ್ತಿಯಿಂದ ತಪ್ಪಿಸಿಕೊಂಡು ಹಳೇ ಬಸದಿಯ ಹತ್ತಿರ ಹೋದೆ. ಅಲ್ಲಿ, ಕಲ್ಲಿನ ಗೋಡೆಯ ಮುಂದೆ, ಈ ಕುರಿ ನಗುತ್ತ ನಿಂತಿತ್ತು. ಹಿಡಿದೆ. ಹೆಸರಿಟ್ಟೆ. ಅದು ನನ್ನದಾಯಿತು.

ನನ್ನದು ಅನ್ನುವ ಮಾತಿಗೆ ನಮ್ಮ ಮನೆಯಲ್ಲಿ ಇರುವ ತೂಕ ನಿಮಗೆ ಗೊತ್ತಾಗಬೇಕು. ನಮ್ಮದು ಕುರಿ ಮನೆತನ. ಗಂಡುಮಗುವಿನ ಜವಳ ತೆಗೆಸಿದ ದಿನ ಅವನ ಹೆಸರಿಗೆ ಮಂದೆಯಲ್ಲಿ ಒಂದು ಹೆಣ್ಗುರಿ ಬಿಡುತ್ತಾರೆ. ಅದು ಹಾಕಿದ ಮರಿ, ಆ ಮರಿ ಹಾಕಿದ ಮರಿ, ಎಲ್ಲ ಅವನವು. ಹಾಲುಗಲ್ಲದ ಹುಡುಗ ಮಾತು ಕಲಿಯುವ ಮೊದಲೇ ಆಸ್ತಿವಂತ. ಹೆಣ್ಣುಮಗುವಿಗೂ ಜವಳ ತೆಗೆಸುತ್ತಾರೆ, ಕೂದಲು ಹೋಗುತ್ತದೆ, ಕುರಿ ಬರುವುದಿಲ್ಲ. ಚಿಕ್ಕವಳಿದ್ದಾಗ ಕೇಳಿದ್ದೆ. ಅಪ್ಪ ನಕ್ಕು, "ಬ್ಯಾರೆ ಮನಿಗೆ ಹೋಗಾಕಿ ನೀನು, ಕುರಿ ಎತ್ಲಾಗ ಹೊಡಕೊಂಡು ಹೋಗ್ತಿ?" ಅಂದಿದ್ದ. ಮಂದೆಯ ತುಂಬ ಕುರಿ, ನನ್ನ ಹೆಸರಿನದು ಒಂದೂ ಇಲ್ಲ. ನನ್ನ ಹೆಸರಿನಲ್ಲಿ ಇದ್ದದ್ದು ಈ ಅರಳೆ ಉಂಡೆಯೊಂದೇ. ದ್ವೇಷಿಸುತ್ತಿದ್ದೆ, ಆದರೆ ನನ್ನದನ್ನು ದ್ವೇಷಿಸುವ ಹಕ್ಕು ನನಗಿತ್ತು.

ಪಿಯುಸಿಗೆ ಕೊಟ್ಟೂರಿನ ಹಾಸ್ಟೆಲ್ ಸೇರಿದೆ. ಅಲ್ಲಿ ಫೋನ್ ಇಟ್ಟುಕೊಳ್ಳುವ ಹಾಗಿರಲಿಲ್ಲ. ಅದನ್ನು ದೊಡ್ಡಪ್ಪನ ಮಗನ ಕೈಗೆ ಕೊಟ್ಟು, "ನೋಡ್ಕೋ" ಅಂದೆ. ಅವನು ನನಗಿಂತ ಒಂದು ವರ್ಷ ಚಿಕ್ಕವನು, ಓದು ಬಿಟ್ಟು ಮಂದೆ ಹಿಡಿದಿದ್ದ. ನೋಡಿಕೋ ಅಂದರೆ ಫೋನ್ ಕೆಡದ ಹಾಗೆ ನೋಡಿಕೋ ಅಂತ ನನ್ನ ಅರ್ಥ. ಅವನು ಆಟವನ್ನೇ ಕೈಗೆತ್ತಿಕೊಂಡ. ಯೋಚನೆ ಮಾಡಿ: ನಡೆದಷ್ಟೂ ಬೆಳೆಯುವ ಕುರಿ, ಅದು ಒಬ್ಬ ಕುರಿ ಕಾಯುವವನ ಜೇಬಿನಲ್ಲಿ. ಬೆಳಗ್ಗೆ ಮಂದೆ ಬಿಟ್ಟರೆ ಬೈಗಿನ ತನಕ ನಡಿಗೆ. ಬೇಸಿಗೆಯಲ್ಲಿ ಹೊಳೆ ದಂಡೆ ಹುಡುಕಿಕೊಂಡು ಹಡಗಲಿ ತನಕ ನಡಿಗೆ, ಗೊಬ್ಬರಕ್ಕೆ ಅಂತ ರೈತರ ಹೊಲದಲ್ಲಿ ಮಂದೆ ತರುಬಿ ಮತ್ತೆ ಮುಂದಕ್ಕೆ ನಡಿಗೆ. ಪಟ್ಟಣದ ಹುಡುಗರು ಪಾರ್ಕಿನಲ್ಲಿ ಸುತ್ತು ಹಾಕಿ ವರ್ಷಗಟ್ಟಲೆ ಬೆಳೆಸುವುದನ್ನು ಇವನು ಒಂದು ಹಂಗಾಮಿನಲ್ಲಿ ಬೆಳೆಸಿದ. ಕುರಿಗೆ ಕೊಂಬು ಬಂತು. ಅಮಾವಾಸ್ಯೆಗೆ ಉಜ್ಜಿನಿಗೆ ಬರುವ ಭಕ್ತರಲ್ಲಿ ಈ ಆಟದ ಹುಚ್ಚು ಹತ್ತಿದ ಹುಡುಗರೂ ಇರುತ್ತಾರೆ. ಅವರ ಪ್ರಾಣಿಗಳನ್ನೆಲ್ಲ ಇದು ಗುದ್ದಿ ಕೆಡವಿತಂತೆ. ದೇವರ ದರ್ಶನಕ್ಕೆ ಬಂದವರು ನಮ್ಮ ಹುಡುಗನ ದರ್ಶನ ಮಾಡಿಕೊಂಡು ಹೋಗುತ್ತಿದ್ದರಂತೆ. ಇದನ್ನೆಲ್ಲ ಅವನೇ ಹೇಳಿದ್ದು, ಅರ್ಧ ಕಳೆದು ನಂಬಿ.

ಪಿಯುಸಿ ಮುಗಿಸಿ ಬಂದೆ. ಅಷ್ಟರಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳನ್ನು ಇಡಲು ಮನೆಯ ಗೂಡು ಸಾಲದಾಗಿತ್ತು. ಡಿಗ್ರಿಗೆ ಸೇರುವ ಹೊತ್ತಿಗೆ ಹೊಸ ಫೋನ್ ಬಂತು. ನೇರ ಅವನ ಹತ್ತಿರ ಹೋದೆ. ಕುರಿ ರೊಪ್ಪದ ಬಾಗಿಲಲ್ಲಿ ಕೂತು ಮರಿಗಳನ್ನು ಒಂದೊಂದಾಗಿ ತಾಯಿಗೆ ಬಿಡುತ್ತಿದ್ದ.

"ನನ್ನ ಕುರಿ ಕೊಡು."

"ಯಾವ ಕುರಿ?"

"ನಾಟಕ ಮಾಡಬ್ಯಾಡ. ಫೋನಿನಾಗಿಂದು."

"ಅದು ನಿನ್ನದಾ?" ತಲೆ ಎತ್ತಲೂ ಇಲ್ಲ. "ಇಷ್ಟು ದಿನ ಯಾರು ಮೇಯಿಸ್ಯಾರ ಅದನ್ನ?"

"ಅದು ಮೇಯೋದಿಲ್ಲಲೇ, ಎಬಡ."

"ನಾ ಕಾಲು ಸವೆಸಿದ್ದಕ್ಕ ಅದು ಬೆಳದೈತಿ. ನೀ ಹಾಸ್ಟೆಲಿನಾಗ ಕುಂತು ಬಾಯಿ ಬೆಳಸ್ಕೊಂಡು ಬಂದಿ. ಅದನ್ನ ಆಡಿಸ್ಕೋ ಹೋಗು."

ಪಾಸ್‌ವರ್ಡ್ ನನ್ನ ಹತ್ತಿರವೇ ಇತ್ತು. ಬದಲಾಯಿಸಿ ಅವನನ್ನು ಹೊರಗೆ ಹಾಕುವುದು ಕ್ಷಣದ ಕೆಲಸ. ಹಾಕಲಿಲ್ಲ. ಮೇಯಿಸುವವನ ಕೈಯಿಂದ ಹೇಳದೆ ಕೇಳದೆ ಕುರಿ ಹೊಡೆದುಕೊಂಡು ಹೋದರೆ ನಮ್ಮಲ್ಲಿ ಅದಕ್ಕೆ ತುಡುಗು ಅನ್ನುತ್ತಾರೆ, ಕುರಿ ನಿನ್ನದೇ ಆಗಿದ್ದರೂ. ಮೇಲಾಗಿ ವಾದದಲ್ಲಿ ಗೆಲ್ಲುವ ನನಗೆ ಕದಿಯುವ ದರ್ದೇನಿತ್ತು? "ಅತ್ತಿ ಬರಲಿ, ತೀರ್ಪು ಆಗಲಿ" ಅಂದೆ. ಅವನು "ಆಗಲಿ" ಅಂದ.

ಅತ್ತೆ ಅಂದರೆ ಅಪ್ಪನಿಗೂ ದೊಡ್ಡಪ್ಪನಿಗೂ ಅಕ್ಕ. ಹರಪನಹಳ್ಳಿ ಕಡೆ ಕೊಟ್ಟಿದ್ದರು. ಅಲ್ಲಿ ಹೋದ ಮೇಲೆ ಅವಳ 'ಐತಿ' ಹೋಗಿ 'ಐತೆ' ಆಯಿತು, ಗಂಟಲು ಮಾತ್ರ ಇಲ್ಲಿಯದೇ ಉಳಿಯಿತು. ಸುತ್ತಲಿನ ಐದು ತಾಲೂಕಿನ ಸಂತೆಗಳಲ್ಲಿ ಕುರಿ ವ್ಯಾಪಾರ ಮಾಡುವ ಹೆಂಗಸು. ಅವಳು ಬಂದರೆ ದಲ್ಲಾಳಿಗಳು ಬೀಡಿ ಆರಿಸುತ್ತಾರೆ, ಗೌರವಕ್ಕಲ್ಲ, ಬೈತಾಳೆ ಅಂತ. ಕುರಿ ಪಾಲಿನ ಜಗಳಕ್ಕೆ ನಮ್ಮ ಬಳಗದಲ್ಲಿ ಅವಳದೇ ಕೊನೆಯ ಮಾತು. ಹಗರಿಬೊಮ್ಮನಹಳ್ಳಿ ಸಂತೆ ಮುಗಿಸಿ ನಮ್ಮ ಮನೆಗೆ ಬಂದು, ಅಂಗಳದ ಹೊರಸಿನ ಮೇಲೆ ಕೂತು, ಎಲೆಗೆ ಸುಣ್ಣ ಸವರುತ್ತ ಕೇಳಿದಳು.

"ಏನೇ ವಕೀಲಮ್ಮ, ಏನೈತೆ ನಿಂದು?"

ಹೇಳಿದೆ. ಹಿಡಿದವಳು ನಾನು, ಹೆಸರಿಟ್ಟವಳು ನಾನು, ಪಾಸ್‌ವರ್ಡ್ ನನ್ನದು.

"ಪಾಸ್‌ವರ್ಡ್ ಅಂದ್ರೆ?"

"ಕುರಿ ಕಿವಿಗೆ ಕೊಯ್ದ ಗುರುತು ಇದ್ದಂಗ ಅತ್ತಿ," ಅಂದ ನನ್ನ ಎದುರಾಳಿ. ಮೂರ್ಖ, ನನ್ನ ಪರ ಸಾಕ್ಷಿ ನುಡಿದ ಅಂದುಕೊಂಡೆ.

"ಗುರುತು ಇವಳದು, ಮೇಯಿಸಿದ್ದು ಇವನು," ಅತ್ತೆ ಅಂದಳು. "ಹಂಗಾದ್ರೆ ಪಾಲಿಗೆ ಕೊಟ್ಟಂಗಾತು."

ಪಾಲಿಗೆ ಕೊಡುವುದು ಅಂದರೆ, ನಮ್ಮ ಹೆಣ್ಗುರಿಯನ್ನು ಇನ್ನೊಬ್ಬರ ಮಂದೆಗೆ ಬಿಡುವುದು. ಅವರು ಕಾಯಬೇಕು, ಹುಟ್ಟಿದ ಮರಿಗಳಲ್ಲಿ ಅರ್ಧ ನಮಗೆ, ಅರ್ಧ ಅವರಿಗೆ. ತಾಯಿ ಕುರಿ ಮಾತ್ರ ಒಡೆಯರದೇ. ಅತ್ತೆಯ ಬಾಯಿಂದ ಆ ಮಾತು ಬಂದದ್ದೇ ನಾನು ಹಿಗ್ಗಿದೆ. ಎದ್ದು ನಿಂತೆ. ಕೊಟ್ಟೂರಿನ ವೇದಿಕೆಯ ಮೇಲೆ ನಿಲ್ಲುವ ಹಾಗೆ ಒಂದು ಕೈ ಹಿಂದಕ್ಕೆ ಕಟ್ಟಿದೆ.

"ಪಾಲು ಅನ್ನೋದು ಹುಟ್ಟುವಳಿಗೆ ಅತ್ತಿ. ಇದರಾಗ ಹುಟ್ಟುವಳಿ ಎಲ್ಲೈತಿ? ಉಣ್ಣಿ ಕತ್ತರಿಸಾಕ ಬರ್ತೈತಾ? ಇಲ್ಲ. ಇದನ್ನ ಹೊಲದಾಗ ತರುಬಿದ್ರ ಒಂದು ಹಿಡಿ ಗೊಬ್ಬರ ಬೀಳ್ತೈತಾ? ಇಲ್ಲ. ಮರಿ ಹಾಕ್ತೈತಾ? ಅದೂ ಇಲ್ಲ. ಹಂಚಾಕ ಏನೂ ಇಲ್ಲಂದ್ರ ಇವನಿಗೆ ಪಾಲು ಎಲ್ಲಿಂದ ಬಂತು? ಉಳಿದಿದ್ದು ಬರೀ ತಾಯಿ ಕುರಿ. ತಾಯಿ ಕುರಿ ಒಡೆಯರದು. ನಾನು ಒಡತಿ. ಮುಗೀತು."

ಗೆದ್ದೆ ಅಂದುಕೊಂಡು ಕೂತೆ. ಆದರೆ ದೊಡ್ಡಪ್ಪನ ಮಗ ನಗುತ್ತಿದ್ದ, ಆ ದರಿದ್ರ ಕುರಿಯ ಥರಾನೇ.

"ಮರಿ ಹಾಕಲ್ವಾ ಅದು?" ಅತ್ತೆ ಎಲೆ ಮಡಚುತ್ತ ಕೇಳಿದಳು.

"ಇಲ್ಲ."

"ಯಾವತ್ತೂ?"

"ಯಾವತ್ತೂ ಇಲ್ಲ. ಆಟದ ನಿಯಮಾನ ಹಂಗೈತಿ."

"ನೀನೇ ಹೇಳ್ತಿದೀಯ. ಯಾರೂ ಹೇಳಿಸ್ತಿಲ್ಲ."

"ನಾನ ಹೇಳಾಕತ್ತೀನಿ."

"ಹಂಗಾದ್ರೆ ಗೊಡ್ಡು," ಅಂದು ಅತ್ತೆ ಎಲೆಯನ್ನು ಬಾಯಿಗಿಟ್ಟುಕೊಂಡಳು. "ಗೊಡ್ಡು ಮೇಯಿಸಿದೋನಿಗೆ."

ನನಗೆ ಗೊತ್ತಿಲ್ಲದ ರಿವಾಜಲ್ಲ ಅದು. ಪಾಲಿಗೆ ಬಿಟ್ಟ ಕುರಿ ಮರಿಯನ್ನೇ ಹಾಕದಿದ್ದರೆ ಕಾಯ್ದವನ ಬೆವರಿಗೆ ಏನೂ ಸಿಗುವುದಿಲ್ಲ. ಆದ್ದರಿಂದ ಗೊಡ್ಡು ಕುರಿ ಕಾಯ್ದವನಿಗೇ ಹೋಗುತ್ತದೆ. ತೊಟ್ಟಿಲಿನಿಂದಲೂ ಕೇಳಿದ ಮಾತು. ಆದರೆ ಪರದೆಯೊಳಗಿನ ಆ ಬೊಂಬೆಗೆ ಅದು ಅನ್ವಯಿಸುತ್ತದೆ ಅಂತ ಯಾವ ಬುದ್ಧಿವಂತರು ಯೋಚಿಸುತ್ತಾರೆ?

"ಅತ್ತಿ, ಗೊಡ್ಡಾಗಬೇಕಂದ್ರ ಮೊದಲ ಹೆಣ್ಣಾಗಬೇಕು. ಹೆಣ್ಣಾಗಬೇಕಂದ್ರ ಮೊದಲ ಕುರಿಯಾಗಬೇಕು. ಇದು ಕುರಿನೇ ಅಲ್ಲ!"

"ಕುರಿ ಅಲ್ಲ ಅಂದ್ರೆ ನನ್ನ ಹತ್ರ ಯಾಕೆ ತಂದೆ? ನಾನೇನು ಫೋನ್ ರಿಪೇರಿ ಅಂಗಡಿ ಇಟ್ಟೀನಾ? ಕುರಿ ಅಂತ ತಂದೆ, ಕುರಿ ತೀರ್ಪು ತಗೊಂಡು ಹೋಗು."

"ಕೊಡ್ರಿ ಅತ್ತಿ, ವಾದ ಮಾಡಿದ್ದಕ್ಕ ಇನ್ನೊಂದು ಕಪ್ಪು ಕೊಡ್ರಿ ಅಕಿಗೆ," ಅಂದ ಅವನು.

ಆಗ ಹೇಳಿದೆ. ಮೊದಲೇ ಹೇಳಬಹುದಿತ್ತು, ಆದರೆ ಚರ್ಚೆಯಲ್ಲಿ ಭಾವನೆ ತಂದವರು ಅಂಕ ಕಳೆದುಕೊಳ್ಳುತ್ತಾರೆ ಅಂತ ನಮಗೆ ಕಲಿಸಿದ್ದಾರೆ. "ಅವನಿಗೆ ಹುಟ್ಟುತ್ತಲೇ ಕುರಿ ಬಿಟ್ರಿ. ಆ ಕುರಿದು ಮರಿ, ಮೊಮ್ಮರಿ ಸೇರಿ ಈಗ ರೊಪ್ಪದಾಗ ಅವನದ ಒಂದು ಗುಂಪೈತಿ. ನನಗೇನು ಬಿಟ್ರಿ ಈ ಮನಿಯಾಗ? ಇದೊಂದು ಇತ್ತು. ಅದನ್ನೂ ಅವನಿಗೇ ಕೊಡ್ರಿ. ಕೊಟ್ಟುಬಿಡ್ರಿ."

ಅತ್ತೆ ಅಂಗಳದ ಮೂಲೆಗೆ ಉಗುಳಿದಳು. "ನನಗೂ ಬಿಟ್ಟಿರಲಿಲ್ಲ. ನಿಮ್ಮಪ್ಪನಿಗೆ ಬಿಟ್ರು, ನಿಮ್ಮ ದೊಡ್ಡಪ್ಪನಿಗೆ ಬಿಟ್ರು. ನಾನು ಇವರಿಬ್ಬರಿಗಿಂತ ಮೊದಲು ಹುಟ್ಟಿದೋಳು. ನನ್ನವನ್ನ ನಾನು ಸಂತೇಲಿ ಕೊಂಡ್ಕೊಂಡೆ."

"ಇಬ್ಬರಿಗೆ ಅನ್ಯಾಯ ಆದ್ರ ಅದು ನ್ಯಾಯ ಆಗೋದಿಲ್ಲ ಅತ್ತಿ."

"ಆಗಲ್ಲ," ಅಂದಳು. ಅಷ್ಟು ಸಲೀಸಾಗಿ ಒಪ್ಪಿಕೊಂಡದ್ದಕ್ಕೆ ನನಗೆ ಇನ್ನೂ ಸಿಟ್ಟು ಬಂತು. "ಆದ್ರೆ ಅದು ಬೇರೆ ಜಗಳ. ಅದಕ್ಕೆ ಎದುರಾಳಿ ಇವನಲ್ಲ. ಈ ಜಗಳಕ್ಕೆ ತೀರ್ಪು ಆಯ್ತು. ಪಾಸ್‌ವರ್ಡ್ ಕೊಡು."

ಕೊಟ್ಟೆ. ಹೇಳಲಿಲ್ಲ, ಅವನ ಕೈಯಿಂದ ಫೋನ್ ಕಿತ್ತುಕೊಂಡು ನಾನೇ ಒತ್ತಿದೆ. ಮೊದಲ ಸಲ ಬೇಕಂತಲೇ ತಪ್ಪು ಒತ್ತಿದೆ. "ಲೇ, ಸರಿ ಹೊಡಿ," ಅಂದ. ಸರಿ ಹೊಡೆದೆ. ನನ್ನ ಕಣ್ಣೆದುರೇ ಅದನ್ನು ಬದಲಾಯಿಸಿದ. ಆಮೇಲೆ ಕುರಿಯ ಹೆಸರನ್ನು ಅಳಿಸಿದ, ಒಂದೊಂದೇ ಅಕ್ಷರ, ಆರಾಮಾಗಿ, ಆ ಜಾಗದಲ್ಲಿ ತನಗೆ ಬೇಕಾದ ಹೆಸರು ಹಾಕಿದ. ಹೆಸರು ಬದಲಾದರೂ ಅದು ನಗುತ್ತಲೇ ಇತ್ತು. ನಿಜವಾದ ಕುರಿ ಆಗಿದ್ದರೆ ಹೊಸಬನ ಕೈಗೆ ಹೋಗುವಾಗ ಕೊನೇ ಪಕ್ಷ ಒಂದು ಸಲ ಒದರುತ್ತಿತ್ತು.

ತೀರ್ಪು ತಪ್ಪು ಅಂತ ಈಗಲೂ ಹೇಳುತ್ತೇನೆ. ಯಾವ ವೇದಿಕೆಯ ಮೇಲಾದರೂ ನಿಲ್ಲಿಸಿ, ತಪ್ಪು ಅಂತ ಸಾಧಿಸುತ್ತೇನೆ. ಆದರೆ ಎದುರಾಳಿ ಯಾರು ಅಂತ ಅತ್ತೆ ತೋರಿಸಿದ ಮೇಲೆ ಸುಮ್ಮನಿರುವ ಜಾತಿ ನನ್ನದಲ್ಲ. ಮಾರನೇ ಬೆಳಗ್ಗೆ ಮಂದೆ ಬಿಡುವ ಮೊದಲು ರೊಪ್ಪಕ್ಕೆ ಹೋದೆ. ಅಪ್ಪ ಬೇಲಿಯ ಮುಳ್ಳು ಸರಿಸುತ್ತಿದ್ದ.

"ನನ್ನ ಹೆಸರಿಗೆ ಒಂದು ಹೆಣ್ಗುರಿ ಬಿಡು," ಅಂದೆ. "ಜವಳದ ದಿನ ಬಿಡಬೇಕಿತ್ತು. ತಡ ಆಗೈತಿ, ಅದಕ್ಕ ಮರಿ ಸಮೇತ."

ಅಪ್ಪ ಮುಳ್ಳು ಕೆಳಗಿಟ್ಟು ನನ್ನ ಮುಖ ನೋಡಿದ. ರೊಪ್ಪದ ಮೂಲೆಯಲ್ಲಿ ಒಂದು ಕುಂಟು ಕುರಿ ನಿಂತಿತ್ತು. ಅವನ ಕಣ್ಣು ಅದರ ಕಡೆ ಹೋಗಿ ಬಂದದ್ದನ್ನು ಕಂಡೆ.

"ಅದಲ್ಲ. ನಾನ ಆರಿಸ್ತೀನಿ."

"ನೋಡೂಣು," ಅಂದ.

ನೋಡೂಣು ಅನ್ನುವುದು ನಮ್ಮ ಮನೆಯಲ್ಲಿ ಇಲ್ಲ ಅನ್ನುವುದರ ಮರ್ಯಾದಸ್ಥ ರೂಪ. ಹೆಣ್ಣುಮಕ್ಕಳು ಅದನ್ನು ಕೇಳಿ ತಲೆ ಆಡಿಸಿ ಒಳಗೆ ಹೋಗುವುದು ಪದ್ಧತಿ. ನಾನು ಬೇಲಿಯ ಬಾಯಿಗೆ ಅಡ್ಡ ನಿಂತೆ. ಹಿಂದೆ ಕುರಿಗಳು ಹೊರಗೆ ಹೋಗಲು ಒತ್ತುತ್ತಿದ್ದವು, ಒಂದು ನನ್ನ ಮೊಣಕಾಲಿಗೆ ಗುದ್ದಿತು, ನೋವಾಯಿತು.

"ನೋಡೂಣು ಉತ್ತರ ಅಲ್ಲ ಅಪ್ಪ," ಅಂದೆ. "ಹೂಂ ಅನ್ನು, ಇಲ್ಲ ಉಹೂಂ ಅನ್ನು. ಉಹೂಂ ಅಂದ್ರ ಯಾಕಂತ ಹೇಳು. ಕುರಿ ಬಿಡಾಕ ಹೊತ್ತಾಗ್ತೈತಿ."