ಕೊಡಕ್ಕೆ ನಾಲ್ಕು ಬೆರಳು ಕಮ್ಮಿ

ಯಾರ ಮನೆಗೆ ಹೋದರೂ ನಾನು ಮೊದಲು ನೋಡುವುದು ನಲ್ಲಿಯ ಬಾಯಿಗೂ ನೆಲಕ್ಕೂ ನಡುವಿನ ಅಂತರವನ್ನು. ಗೆಳೆಯನಿಗೆ ಹೆಣ್ಣು ನೋಡಲು ಹೋದಾಗ, ಎಲ್ಲರೂ ಹುಡುಗಿಯನ್ನು ನೋಡುತ್ತಿದ್ದರೆ, ಬಚ್ಚಲಲ್ಲಿ ಗೇಣು ಹಾಕುತ್ತ ಕೂತು ಉಗಿಸಿಕೊಂಡವನು ನಾನು. ಈ ವ್ಯಾಧಿ ಅಂಟಿದ್ದು ನನ್ನದೇ ಮೂರ್ಖತನದಿಂದ. ಅದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ತಮಗೂ ನಗಲು ಸಂಕೋಚವಿರುವುದಿಲ್ಲ.

ಕೊಟ್ಟೂರಿನವನಾದ ನಾನು ಸಿವಿಲ್ ಡಿಪ್ಲೊಮಾ ಓದುವಾಗ ಪುಸ್ತಕಕ್ಕಿಂತ ಶ್ರದ್ಧೆಯಿಂದ ಅಭ್ಯಾಸ ಮಾಡಿದ್ದು ಪರರ ದನಿಯನ್ನು. ಪ್ರಿನ್ಸಿಪಾಲರ ಕೆಮ್ಮು, ಕಂಡಕ್ಟರನ 'ರೈಟ್', ಸೀನುವ ಮುನ್ನ ನಮ್ಮಪ್ಪನ ಮುಖದಲ್ಲಿ ನೆಲೆಸುವ ವೈರಾಗ್ಯ, ಎಲ್ಲವೂ ನನಗೆ ಕರತಲಾಮಲಕ. ಆದರೆ ನನ್ನ ಮೇರುಕೃತಿ ರುದ್ರಪ್ಪ ಸರ್. ಹರಪನಹಳ್ಳಿ ಕಡೆಯ ಈ ಮೇಷ್ಟ್ರು ತೊಲೆ-ಕಂಬಗಳ ಪಾಠಕ್ಕೆ ಧರ್ಮಾಧರ್ಮವನ್ನೂ ಹದವಾಗಿ ಕಲಸುತ್ತಿದ್ದರು. ಎಂಥ ನಕ್ಷೆ ಒಯ್ದರೂ ಕನ್ನಡಕವನ್ನು ಹಣೆಗೇರಿಸಿ, "ಚೆನ್ನಾಗೈತಪ್ಪಾ. ಯಾರಿಗಪ್ಪಾ ಇದು?" ಎಂದೊಂದೇ ಪ್ರಶ್ನೆ. ಹಾಸ್ಟೆಲಿನ ಸಾರು ಬಂದಾಗಲೆಲ್ಲ ನಾನು ಇಲ್ಲದ ಕನ್ನಡಕ ಏರಿಸಿ ಅದೇ ಪ್ರಶ್ನೆ ಹಾಕುತ್ತಿದ್ದೆ. ಪಂಕ್ತಿಗೆ ಪಂಕ್ತಿಯೇ ನಕ್ಕು ಉರುಳುತ್ತಿತ್ತು.

ಅವರದೊಂದು ವಿಚಿತ್ರ ಪದ್ಧತಿಯಿತ್ತು. ಕಡೇ ವರ್ಷದ ಕೆಲಸಕ್ಕೆ ಅವರು ಸಹಿ ಹಾಕುವ ಮುಂಚೆ, ಅದನ್ನು ದಿನಾ ಬಳಸುವವರೊಬ್ಬರು ಒಪ್ಪಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಕು. ಒತ್ತದಿದ್ದರೆ ಪಾಸಿಲ್ಲ, ಒಂದು ವರ್ಷ ಗೋತಾ. ನಮ್ಮ ತಂಡಕ್ಕೆ ಸಿಕ್ಕಿದ್ದು ಕೂಡ್ಲಿಗಿ ಕಡೆಯ ಹಳ್ಳಿಯೊಂದರ ಬೋರಿಂಗು. ಕೈಯಿಂದ ಜಗ್ಗುವ ಆ ಪಂಪಿನ ಸುತ್ತಲಿನ ರಾಡಿಗೆ ಸಿಮೆಂಟಿನ ಕಟ್ಟೆ ಕಟ್ಟಬೇಕು. ನಾಯಕ ನಾನೇ. ಹಾಸ್ಟೆಲಿನ ಬಕೀಟನ್ನು ಪಂಪಿನ ಬಾಯಿಯ ಕೆಳಗೆ ಹಿಡಿದು ಅಳತೆ ತೆಗೆದು, ರಾಜದರ್ಬಾರು ನಡೆಸಬಹುದಾದಷ್ಟು ಎತ್ತರದ ಕಟ್ಟೆ ಕಟ್ಟಿದೆವು.

ತೆಂಗಿನಕಾಯಿ ಒಡೆದಾಯಿತು. ಹೆಬ್ಬೆಟ್ಟು ಒತ್ತಬೇಕಾಗಿದ್ದ ಎದುರುಮನೆಯ ಹನುಮವ್ವ ಮೊದಲ ಕೊಡ ತಂದಳು. ಕೊಡ ಪಂಪಿನ ಬಾಯಿಯ ಕೆಳಗೆ ಹೋಗಲೊಲ್ಲದು! ಬಕೀಟಿಗೆ ಹಿಡಿದ ಅಳತೆ ಕೊಡಕ್ಕೆ ಸರಿಯಾಗಿ ನಾಲ್ಕು ಬೆರಳು ಕಮ್ಮಿ. ಓರೆಯಾಗಿ ಹಿಡಿದು ಜಗ್ಗಿಸಿದಳು; ಕೊಡಕ್ಕೆ ಅರ್ಧ ನೀರು, ಸೀರೆಗೆ ಇನ್ನರ್ಧ.

"ಏ ತಮ್ಮಾ, ದಿನಾ ಅರ್ಧರ್ಧ ಕೊಡ ಹೊರಬೇಕೇನು ನಾವು? ನಿನ್ನ ಕಾಗದಕ್ಕ ಹೆಬ್ಬಟ್ಟಿರಲಿ, ಕಾಲಿನ ಬೆಟ್ಟೂ ಒತ್ತಂಗಿಲ್ಲ!"

ರುದ್ರಪ್ಪ ಸರ್ ಕನ್ನಡಕ ಹಣೆಗೇರಿಸಿದರು. ಪ್ರಶ್ನೆ ಬಂತು ಎಂದು ನಾನು ಕುಗ್ಗಿದೆ. ಅವರು ಕೇಳಲಿಲ್ಲ. "ನೀನೇ ಕೇಳಪ್ಪಾ. ನನಗಿಂತ ನಿನ್ನ ಬಾಯಾಗೆ ಚೆನ್ನಾಗಿ ಬರುತ್ತಂತೆ," ಎಂದರು.

ಊರೇ ನೆರೆದಿತ್ತು. "ಯಾರಿಗಪ್ಪಾ ಇದು?" ಎಂದೆ. ನೂರಾರು ಸಲ ಆಡಿದ ಮಾತು. ಅವೊತ್ತು ಮಾತ್ರ ಅವರ ದನಿ ಬರದೆ ನನ್ನದೇ ಬಂತು. ಒಬ್ಬರೂ ನಗಲಿಲ್ಲ. ಊರಿಗೆಲ್ಲ ಹಂಚಿದ ಆ ಪ್ರಶ್ನೆಯನ್ನು ನಾನು ಒಮ್ಮೆಯೂ ನನಗೆ ಬಡಿಸಿಕೊಂಡಿರಲಿಲ್ಲ.

ಆಮೇಲೆ ಮೂರು ದಿನ ಉಳಿ-ಸುತ್ತಿಗೆ ಹಿಡಿದು, ಪಂಪಿನ ಬಾಯಿಯ ಕೆಳಗೆ ದುಂಡನೆಯ ಕುಳಿ ಕಡಿದೆವು. ಮೇಲ್ವಿಚಾರಣೆ ಹನುಮವ್ವನದು. "ಇನ್ನೊಂದೀಟು ಕಡೀರಿ, ನನ್ನ ಸೊಸಿ ಕೊಡ ದೊಡ್ಡದೈತಿ," ಎಂದು ಓಣಿಯ ಕೊಡಗಳನ್ನೆಲ್ಲ ತರಿಸಿ ಕೂರಿಸಿ ನೋಡಿದಳು. ಕಡೆಗೆ ತಾಯಿಯ ಮಡಿಲಲ್ಲಿ ಕೂಸು ಕೂತಂತೆ ಕೊಡ ಕೂತಿತು. ಎಷ್ಟು ಜಗ್ಗಿದರೂ ಅಲುಗಲಿಲ್ಲ. ಹನುಮವ್ವ ಕಾಗದದ ಮೇಲೆ ಹೆಬ್ಬೆಟ್ಟನ್ನು ರೊಟ್ಟಿ ತಟ್ಟಿದಂತೆ ಒತ್ತಿದಳು.

ಈಗಲೂ ನಲ್ಲಿ ಕಂಡರೆ ಬೆರಳು ತುರಿಸುತ್ತವೆ. ಆದರೆ ಗೇಣು ಹಾಕುವ ಮುಂಚೆ, "ಅಕ್ಕಾ, ನಿಮ್ಮ ಕೊಡ ಎಷ್ಟು ಎತ್ತರ?" ಎಂದು ಕೇಳುತ್ತೇನೆ. ಹೆಬ್ಬೆಟ್ಟು ಬಿದ್ದ ದಿನ, ಪಾಸಾದ ಹುಮ್ಮಸ್ಸಿನಲ್ಲಿ ನಾನು ಮೇಷ್ಟ್ರ ದನಿ, ಕಂಡಕ್ಟರನ ದನಿ, ಹನುಮವ್ವನದೇ ದನಿ, ಎಲ್ಲವನ್ನೂ ತೆಗೆದು ತೋರಿಸಿದ್ದೆ. ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ತುಂಬಿದ ಕೊಡವನ್ನು ಸೊಂಟಕ್ಕೇರಿಸಿ ಹೇಳಿದಳು:

"ಊರ ಮಂದಿ ದನಿ ಎಲ್ಲಾ ತೆಗೀತಿ. ನನ್ನ ಕೊಡ ಏಸು ಎತ್ತರ ಐತಿ ಅಂತ ಕೇಳಾಕ ನಿನಗೊಂದು ದನಿ ಇರಲಿಲ್ಲೇನೋ ತಮ್ಮಾ?"