ಆರ್ಡಿತ್ ಬೇಯಿಸಿದ ಬೈಸನ್

ಮೂಲನಿವಾಸಿ ಬುಡಕಟ್ಟಿನವರ ರೋಸ್‌ಬಡ್ ಸೀಮೆಯಲ್ಲಿ ಆರ್ಡಿತ್‌ಳ ಕೈಯಡುಗೆ ಉಣ್ಣದ ಮಕ್ಕಳು ಕಡಿಮೆ. ಅರ್ಧ ಆಯುಷ್ಯ ಶಾಲೆಯ ಅಡುಗೆಮನೆಯಲ್ಲೇ ಕಳೆದವಳು. ಗಂಟೆ ಹೊಡೆಯುವಷ್ಟರಲ್ಲಿ ತಟ್ಟೆ ತುಂಬಬೇಕಾದ ಆ ಅವಸರ ಅವಳ ಮೈಗೇ ಹತ್ತಿಬಿಟ್ಟಿತ್ತು. ಆದರೆ ಮನೆಯಲ್ಲಿ ಬೈಸನ್ ಮಾಂಸ ಬೇಯುವ ದಿನ ಮಾತ್ರ ಒಲೆಯ ಹತ್ತಿರ ಅವಳಿಗೆ ಜಾಗವಿರಲಿಲ್ಲ. ಅದು ಗಂಡ ವೆಂಡೆಲ್‌ನ ಕೆಲಸ. ಬುಡಕಟ್ಟಿನ ಬೈಸನ್ ಮಂದೆ ನೋಡಿಕೊಳ್ಳುತ್ತಿದ್ದ ಅವನು, "ನಿನ್ ಕೈಗೆ ಕೊಟ್ರೆ ಇದು ಬೂಟಿನ ಚರ್ಮ ಆಗತ್ತೆ, ಆಚೆ ನಡಿ" ಎಂದು ಅವಳನ್ನು ಅಂಗಳಕ್ಕೆ ಅಟ್ಟುತ್ತಿದ್ದ.

ಆ ವೆಂಡೆಲ್ ತೀರಿಕೊಂಡು ವರ್ಷ ತುಂಬಿತು. ದುಃಖದಲ್ಲಿದ್ದವರ ಕಣ್ಣೀರು ಒರೆಸಿ, ಬಂದವರಿಗೆಲ್ಲ ಊಟ ಹಾಕುವ ದಿನ. ಮಂದೆ ನೋಡಿಕೊಳ್ಳುವವರು ಬೈಸನ್‌ನ ಒಂದು ತೊಡೆ ಕಳಿಸಿಕೊಟ್ಟರು. ಬೇರೆಯವರು ಬೇಯಿಸಿಕೊಡುತ್ತೇವೆಂದರೂ ಆರ್ಡಿತ್ ಒಪ್ಪಲಿಲ್ಲ.

ಬೆಳಗಾಗುತ್ತಲೇ ಮಾಂಸ ಹೆಚ್ಚಿ, ಒಣಗಿಸಿದ ಕಾಡುಗೆಡ್ಡೆ ಹಾಕಿ, ಸಣ್ಣ ಉರಿಯಲ್ಲಿಟ್ಟಳು. ಕಿಟಕಿಗೆ ಹೋದಳು, ಬಂದಳು. ಮುಚ್ಚಳ ತೆಗೆದಳು, ಹಾಕಿದಳು. ಕೊಬ್ಬಿಲ್ಲದ ಮಾಂಸ, ನಿಧಾನಕ್ಕೇ ಬೇಯಬೇಕು. ಅವಳಿಗೋ ನೀರು ಕುದಿಯಲೊಲ್ಲದು ಅನ್ನಿಸಿತು. ಗುಡ್ಡದಾಚೆ ಮೊದಲ ಗಾಡಿಯ ಧೂಳು ಕಂಡದ್ದೇ ತಡ, ಉರಿ ಪೂರ್ತಿ ಏರಿಸಿದಳು. ಪಾತ್ರೆ ಕೊತಕೊತ ಕುದಿಯಿತು. ಆಮೇಲೆ ಚುಚ್ಚಿ ನೋಡಿದರೆ ಮುಳ್ಳುಚಮಚವೇ ಬಾಗಿತು.

ವೆಂಡೆಲ್‌ನ ಅಕ್ಕ ಫಿಲಿಸ್ ಒಳಗೆ ಬಂದವಳು ಪಾತ್ರೆಗೆ ಇಣುಕಿದಳು.

"ಇದೇನೇ ಆರ್ಡಿತ್, ನನ್ನ ತಮ್ಮನ ಬೂಟು ಬೇಯಿಸ್ತಿದೀಯಾ?"

"ನಗ್ಬೇಡ ಅತ್ತಿಗೆ. ಜನ ಬಂದ್ಬಿಟ್ರು, ಈಗೇನ್ ಮಾಡ್ಲಿ?"

"ಏನೂ ಮಾಡ್ಬೇಡ. ಅದೇ ನಿನಗೆ ಬರದೇ ಇರೋ ಕೆಲಸ."

ಫಿಲಿಸ್ ಉರಿ ತಗ್ಗಿಸಿದಳು. ಇಬ್ಬರೂ ತುಂಡುಗಳನ್ನು ಎತ್ತಿ, ಎಳೆಗೆ ಅಡ್ಡಲಾಗಿ ತೆಳ್ಳಗೆ ಕೊಯ್ದು ಮತ್ತೆ ಸಾರಿಗೆ ಬಿಟ್ಟರು. ಅಂಗಳದಲ್ಲಿ ಜನ ಕಾದರು. ಯಾರೂ ಗೊಣಗಲಿಲ್ಲ, ಊಟ ತಡವಾದಷ್ಟೂ ವೆಂಡೆಲ್‌ನ ಕತೆಗಳು ಹೊರಬಂದವು. ಬೈಸನ್ ಗೂಳಿಯೊಂದು ಅವನನ್ನು ನೀರಿನ ಟ್ಯಾಂಕಿನ ಮೇಲೆ ಹತ್ತಿಸಿ ಸಂಜೆಯವರೆಗೂ ಕಾವಲು ನಿಂತದ್ದನ್ನು ಆರ್ಡಿತ್ ಅವತ್ತೇ ಮೊದಲು ಕೇಳಿದ್ದು. ಟ್ಯಾಂಕು ತೊಳೆಯುತ್ತಿದ್ದೆ ಎಂದು ಅವನು ಮನೆಯಲ್ಲಿ ಹೇಳಿದ್ದ!

ಅಷ್ಟರಲ್ಲಿ ಫಿಲಿಸ್ ಬಾಚಣಿಗೆ ಹಿಡಿದು ಬಂದಳು. ವರ್ಷದ ಹಿಂದೆ ಶೋಕಕ್ಕೆಂದು ಕತ್ತರಿಸಿದ್ದ ಆರ್ಡಿತ್‌ಳ ಕೂದಲು ಭುಜದವರೆಗೆ ಬೆಳೆದಿತ್ತು. ಶೋಕ ಮುಗಿಯಿತೆಂದು ಎಲ್ಲರೆದುರು ಅದನ್ನು ಬಾಚುವಾಗ ಅವಳ ಕಾಲು ಕುಣಿಯುತ್ತಲೇ ಇತ್ತು, ಕಣ್ಣು ಒಲೆಯ ಕಡೆಗೇ. ಬಾಚಣಿಗೆ ಮೂರ್ನಾಲ್ಕು ಸಲ ಇಳಿದ ಮೇಲೆ ಕಾಲು ನಿಂತಿತು. ಆಗ ಅವಳಿಗೆ ಅಳು ಒತ್ತರಿಸಿ ಬಂತು. ಫಿಲಿಸ್ ತನ್ನ ಶಾಲಿನ ಅಂಚಿನಿಂದ ಅವಳ ಮುಖ ಒರೆಸಿದಳು.

ಊಟಕ್ಕೆ ಮುಂಚೆ ತೀರಿಕೊಂಡವನ ಪಾಲು ಎತ್ತಿಡಬೇಕು. ಆರ್ಡಿತ್ ಹುಡುಕಿ ಹುಡುಕಿ ಗಟ್ಟಿ ತುಂಡೊಂದನ್ನು ಬಟ್ಟಲಿಗೆ ಹಾಕಿದಳು.

"ಪಾಪ, ಅವನಿಗೆ ಅದನ್ನೇ ಕೊಡ್ತೀಯಾ?" ಅಂದಳು ಫಿಲಿಸ್.

"ಅಗೀಲಿ. ನನ್ನ ಒಲೆ ಹತ್ರ ಬಿಟ್ಕೊಳ್ದೆ ಹೋದೋನು ತಾನೇ."

ಅಂಗಳವೆಲ್ಲ ನಕ್ಕಿತು. ಮಾಂಸ ಇನ್ನೂ ತುಸು ಜಗ್ಗುತ್ತಿತ್ತು. ಹಲ್ಲಿಲ್ಲದ ಮುದುಕ ಎಲ್ಸ್‌ವರ್ತ್ ಮಾತ್ರ ಸಾರನ್ನಷ್ಟೇ ಎರಡು ಸಲ ಹಾಕಿಸಿಕೊಂಡು, "ಸಾರಿಗೆ ಹೆಸರಿಡೋ ಹಾಗಿಲ್ಲ ಮಗಳೇ" ಅಂದ. ಮಿಕ್ಕಿದ್ದನ್ನು ಜನ ವಾಡಿಕೆಯಂತೆ ತಾವು ತಂದ ಡಬ್ಬಗಳಿಗೆ ತುಂಬಿಕೊಂಡು ಹೊರಟರು.

ಮಾರನೆಯ ದಿನವೇ ಆರ್ಡಿತ್ ಮಂದೆಯವರಿಗೆ ಫೋನ್ ಮಾಡಿದಳು.

"ಕಾಲಿನ ಮಾಂಸ ಏನಾದ್ರೂ ಉಳಿದಿದ್ರೆ ನಂಗಿಡಿ. ಈ ಸಲ ನಿಧಾನಕ್ಕೆ ಬೇಯಿಸ್ತೀನಿ. ಇವತ್ತೇ ಬರ್ತೀನಿ. ಇಲ್ಲ, ಈಗ್ಲೇ ಹೊರಟೆ."