ಸ್ಪೀಕರಿನ ಬೆನ್ನಿನ ಕುಂಕುಮ

ಅಥವಾ ಅಮ್ಮ ಕುಂಕುಮ ಇಟ್ಟದ್ದು ಟ್ರಾನ್ಸಿಸ್ಟರಿನ ಹೊರಗಡೆ ಮಾತ್ರವೋ ಏನೋ. ನನ್ನ ಕಣ್ಣಿಗೆ ಕಟ್ಟಿರುವುದು ಬೇರೆ. ಬೂದಿಕೋಟೆಯ ಮನೆಯಲ್ಲಿ ಆಯುಧಪೂಜೆ. ನೇಗಿಲು, ಹಾಲಿನ ಕ್ಯಾನಿನ ಪಕ್ಕ ರೇಡಿಯೊ. ಅಮ್ಮ ನಾಣ್ಯದ ಅಂಚಿನಿಂದ ಸ್ಕ್ರೂ ತಿರುಗಿಸಿ ಹಿಂಬದಿಯ ಮುಚ್ಚಳ ತೆಗೆಯುತ್ತಾಳೆ. ಮಾತಾಡುವುದು ಪೆಟ್ಟಿಗೆಯಲ್ಲ, ಒಳಗಿನದು, ಪೂಜೆ ಅದಕ್ಕೇ ಸಲ್ಲಬೇಕು ಎನ್ನುತ್ತ ಸ್ಪೀಕರಿನ ಬೆನ್ನಿಗೆ ಅರಿಶಿನ ಕುಂಕುಮ ಹಚ್ಚುತ್ತಾಳೆ. ಚಿತ್ರ ಇಷ್ಟು ಸ್ಪಷ್ಟವಾಗಿರುವುದೇ ನನ್ನ ಅನುಮಾನಕ್ಕೆ ಕಾರಣ.

ಅನುಮಾನವಿಲ್ಲದ್ದು ಮುಂದಿನದು. ಒಂದು ದಿನ ರೇಡಿಯೊ ಮೂಕವಾಯಿತು. ಬೆಂಗಳೂರಿನ ಕೆಲಸಕ್ಕೆ ರೈಲು ಹತ್ತುವಾಗ ನಾನು ಅದನ್ನು ಬಂಗಾರಪೇಟೆ ಸ್ಟೇಷನ್ ಹತ್ತಿರದ ರಿಪೇರಿ ಅಂಗಡಿಗೆ ಕೊಟ್ಟೆ. ವಾಪಸ್ಸು ಬಂದಾಗ ಮಾತಾಡುತ್ತಿತ್ತು. ಅಮ್ಮ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತ ಕೇಳಿಸಿಕೊಂಡು, "ಇದು ನಮ್ದಲ್ಲ ಕಣಪ್ಪ. ಮೂಗಲ್ಲಿ ಮಾತಾಡ್ತೈತೆ," ಅಂದಳು. ಬಿಚ್ಚಿ ನೋಡಿದರೆ ಸ್ಪೀಕರಿನ ಮೇಲೆ ಕುಂಕುಮವಿಲ್ಲ.

ಅಪ್ಪ ನಕ್ಕ. "ಎಮ್ಮೆ ಕೂಗು ಗುರುತು ಇಡ್ದಂಗೆ ರೇಡಿಯಾ ಕೂಗೂ ಗುರುತು ಇಡೀತಾಳೆ ನೋಡ್ಲಾ ಇವಳು."

ನನಗೆ ಇವತ್ತಿಗೂ ಮೈ ಉರಿಯುತ್ತದೆ. ಕತ್ತಲಲ್ಲಿ ಕೂಗು ಕೇಳಿಯೇ ಇದು ಯಾರ ಮನೆಯ ಎಮ್ಮೆ ಎಂದು ಹೇಳುವವಳು, ದಿನಾ ಕಿವಿಯ ಪಕ್ಕ ಇಟ್ಟುಕೊಂಡ ರೇಡಿಯೊದ ದನಿ ಗುರುತಿಸಲಾರಳೆ?

ಅವಳೇ ರೇಡಿಯೊ ಹಿಡಿದು, ನನ್ನ ಜೊತೆ ಬಸ್ಸು ಹತ್ತಿ ಅಂಗಡಿಗೆ ಬಂದಳು. ಸ್ಪೀಕರು ಬದಲಾಗಿದೆ, ಅದರ ಮೇಲಿದ್ದ ಕುಂಕುಮವೆಲ್ಲಿ ಎಂದು ಕೇಳಿದಳು. ಅಂಗಡಿಯವನಿಗೆ ತಲೆಯೆತ್ತಿ ನೋಡಲೂ ಪುರುಸೊತ್ತಿರಲಿಲ್ಲ. "ಪೆಟ್ರೋಲ್ ಆಕಿ ಒರೆಸ್ದೆ ಅಕ್ಕಾ. ಕುಂಕುಮ ಇಟ್ರೇನೇ ಆಡೋಕೆ ಅದೇನು ಮಾರಮ್ಮನಾ?" ನಿಂತಿದ್ದ ಗಿರಾಕಿಗಳು ನಕ್ಕರು.

"ಒರೆಸಿದ್ರೆ ದೂಳೂ ಓಗ್ಬೇಕಲ್ಲಪ್ಪ," ಅಂದಳು ಅಮ್ಮ. "ದೂಳು ಅಂಗೇ ಐತೆ. ಕುಂಕುಮ ಮಾತ್ರ ಇಲ್ಲ."

ಅವನು ಪಕ್ಕದವನ ಜೊತೆ ತಮಿಳಿನಲ್ಲಿ ಮಾತಿಗಿಳಿದ. ಅಷ್ಟಕ್ಕೇ ಮುಗಿಯಿತು ಎಂಬಂತೆ.

ಸ್ವಲ್ಪ ದಿನಕ್ಕೆ ರೇಡಿಯೊ ಮತ್ತೆ ಮೂಕ. ಈ ಸಲ ಮನೆಯಲ್ಲೇ ಬಿಚ್ಚಿದೆವು. ಶೆಲ್ಲು ಸೋರಿ, ಅದು ಒತ್ತಿ ಕೂರುವ ಸ್ಪ್ರಿಂಗಿಗೆ ಹಸಿರು ಮಿಶ್ರಿತ ಬಿಳಿ ಹೊಪ್ಪಳೆ ಕಟ್ಟಿತ್ತು. ಅಮ್ಮ ದೀಪದ ಕಂಬ ಬೆಳಗಿದಂತೆ ಹುಣಸೆಹಣ್ಣು ಹಾಕಿ ಉಜ್ಜಿದಳು. ಫಳಫಳ ಹೊಳೆಯಿತು, ಮಾರನೆಯ ದಿನ ಕೆಂಪಗೆ ತುಕ್ಕು. ಹುಳಿ ಹಿತ್ತಾಳೆಗೆ ಸರಿ, ಕಬ್ಬಿಣಕ್ಕಲ್ಲ. ಕೊನೆಗೆ ಉಪ್ಪುಕಾಗದದಿಂದ ಒಣಗಿದ್ದಾಗಲೇ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಹೊಸ ಶೆಲ್ಲು ಹಾಕಿದೆವು. ಮಾತಾಡಿತು, ಅದೇ ಮೂಗಿನಲ್ಲಿ.

ಮೊದಲ ಸಲದ ಕಾಯಿಲೆಯೂ ಇಷ್ಟೇ ಆಗಿದ್ದರೆ ಅವನು ಸ್ಪೀಕರಿಗೆ ಯಾಕೆ ಕೈ ಹಾಕಬೇಕಿತ್ತು?

ಹಾಗಾಗಿ ಹೇಳುತ್ತೇನೆ. ರೇಡಿಯೊ ಮೂಕವಾದರೆ ಅಂಗಡಿಗೆ ಓಡಬೇಡಿ, ಮೊದಲು ಸ್ಪ್ರಿಂಗು ನೋಡಿ. ನೀರು, ಹುಳಿ ತಾಗಿಸಬೇಡಿ. ಕೇಳದ ದಿನಗಳಲ್ಲಿ ಶೆಲ್ಲು ತೆಗೆದಿಡಿ. ಕೊಡಲೇಬೇಕಾದರೆ ಅವನ ಎದುರಿಗೇ ಮುಚ್ಚಳ ಬಿಚ್ಚಿ, ಸ್ಪೀಕರಿನ ಬೆನ್ನ ಮೇಲೆ ಮೊಳೆಯಿಂದ ಗುರುತು ಗೀರಿ. ಕುಂಕುಮ ಸಾಕ್ಷಿ ಹೇಳುವುದಿಲ್ಲ.

ಅಮ್ಮ ಕೊನೆಯವರೆಗೂ ಅದನ್ನು ತನ್ನ ರೇಡಿಯೊ ಎಂದು ಒಪ್ಪಲಿಲ್ಲ. ಅವಳು ಎಂದೂ ಮುಚ್ಚಳ ತೆಗೆದು ಕುಂಕುಮ ಇಟ್ಟವಳೇ ಅಲ್ಲ, ಮುಂದಿನ ಜಾಲರಿಗೆ ಒಂದು ಬೊಟ್ಟು ಅಷ್ಟೇ, ಎನ್ನುತ್ತಾಳೆ ನನ್ನ ಅಕ್ಕ. ಅಂಗಡಿಯಲ್ಲಿ ಹಾಗೆ ವಾದಿಸಿದ್ದು ಬರೀ ಹಟಕ್ಕಂತೆ. ಆ ನಾಣ್ಯ, ಆ ಸ್ಕ್ರೂ ನಾನು ಕಂಡದ್ದೋ, ಅಮ್ಮನ ಪರವಾಗಿ ಆಮೇಲೆ ಕಟ್ಟಿಕೊಂಡದ್ದೋ? ಸ್ಪೀಕರು ಬದಲಾಗಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.